ಹೊಳೆ ಬಂದಿತ್ತು

ಸುವರ್ಣ ಮಹೋತ್ಸವ ಸಮಿತಿಯ ತರುಣರು ಮನೆಗೆ ಬಂದು, "ಸರ್, ತಾವು ಶಾಲೆಯ ಆರಂಭದ ದಿನಗಳನ್ನು ಕಂಡವರು. ಸ್ಮರಣ ಸಂಚಿಕೆಗೆ ನಾಲ್ಕು ಪುಟ ಬರೆದುಕೊಡಬೇಕು" ಎಂದು ಆಗ್ರಹಪಡಿಸಿದರು. ಶಾಲೆಯ ಸ್ಥಾಪನೆ, ಕಟ್ಟಡ ನಿಧಿ, ದಾನಿಗಳ ಔದಾರ್ಯ ಇವುಗಳನ್ನು ನನಗಿಂತ ಚೆನ್ನಾಗಿ ಬಲ್ಲವರು ಬರೆಯುತ್ತಿದ್ದಾರೆ. ಆದ್ದರಿಂದ ನಾನು ನಮ್ಮ ಹೊಳೆಯ ವಿಷಯವನ್ನು ಬರೆಯುತ್ತೇನೆ. ಶಾಲೆಗೂ ಹೊಳೆಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಮಳೆಗಾಲದ ಹಾಜರಿಪಟವನ್ನು ತುಂಬಿದವರಿಗೆ ಆ ಸಂಬಂಧ ಗೊತ್ತಿದೆ.

ನಾನು 1967ರಲ್ಲಿ ಕನ್ನಡ ಮಾಧ್ಯಮದಿಂದ ಮೆಟ್ರಿಕ್ ಪಾಸಾದವನು. ಗಡಹಿಂಗ್ಲಜ ತಾಲೂಕಿನ ಎರೆಹೊಲದ, ಬಾವಿನೀರಿನ ಊರಿನಲ್ಲಿ ಬೆಳೆದವನಾದುದರಿಂದ ಹಿರಣ್ಯಕೇಶಿ ನನ್ನ ಪಾಲಿಗೆ ಭೂಗೋಳದ ಪುಸ್ತಕದ ನದಿಯಾಗಿತ್ತು. ಅಂಬೋಲಿಯ ಹತ್ತಿರ ಸಹ್ಯಾದ್ರಿಯಲ್ಲಿ ಹುಟ್ಟುತ್ತದೆ, ಆಜರಾ ಗಡಹಿಂಗ್ಲಜಗಳನ್ನು ದಾಟುತ್ತದೆ, ಸಂಕೇಶ್ವರದ ಕಡೆಯಿಂದ ಹುಕ್ಕೇರಿ ಸೀಮೆಯನ್ನು ಹಾಯ್ದು ಘಟಪ್ರಭೆಯನ್ನು ಕೂಡುತ್ತದೆ, ಘಟಪ್ರಭೆ ಕೃಷ್ಣೆಯನ್ನು ಕೂಡುತ್ತದೆ. ಇಷ್ಟನ್ನು ನಾನು ಮಕ್ಕಳಿಂದ ಬಾಯಿಪಾಠ ಮಾಡಿಸುತ್ತಿದ್ದೆ. ಕರಿಹಲಗೆಯ ಮೇಲೆ ನೀಲಿ ಖಡುವಿನಿಂದ ಒಂದು ಗೆರೆ ಎಳೆದು, ಅದನ್ನು ಅಡ್ಡಗಟ್ಟುವಂತೆ ಕೆಂಪು ಚುಕ್ಕೆಗಳಲ್ಲಿ ಎರಡು ರಾಜ್ಯಗಳ ಗಡಿಯನ್ನು ತೋರಿಸುತ್ತಿದ್ದೆ. ಅಷ್ಟಕ್ಕೆ ನದಿಯ ಪಾಠ ಮುಗಿಯುತ್ತಿತ್ತು. ನಾನು ಆ ನದಿಯನ್ನು ಸೇತುವೆಯ ಮೇಲಿನಿಂದಲ್ಲದೆ ಬೇರೆ ರೀತಿಯಲ್ಲಿ ನೋಡಿರಲಿಲ್ಲ. ಈಜು ಬರುತ್ತಿರಲಿಲ್ಲ. ಇದನ್ನು ಯಾರಿಗೂ ಹೇಳಿಯೂ ಇರಲಿಲ್ಲ.

ನಮ್ಮ ಶಾಲೆಯೂ ಮರಾಠಿ ಶಾಲೆಯೂ ಆಗ ಒಂದೇ ಅಂಗಳದಲ್ಲಿ ನಡೆಯುತ್ತಿದ್ದವು. ಮರಾಠಿ ಶಾಲೆಗೆ ವರ್ಗವಾಗಿ ಬಂದ ಒಬ್ಬ ಶಿಕ್ಷಕರು ನನ್ನ ಗೆಳೆಯರಾದರು. ಮೊದಲ ಪರಿಚಯವಾದದ್ದು 1976ರ ಬೇಸಿಗೆಯಲ್ಲಿ, ಕೊಲ್ಲಾಪುರದ ಒಂದು ತರಬೇತಿ ಶಿಬಿರದಲ್ಲಿ. ನಾನು ಅವರನ್ನು 'ಗುರೂಜಿ' ಎನ್ನುತ್ತಿದ್ದೆ, ಅವರು ನನ್ನನ್ನು 'ಮಾಸ್ತರ' ಎನ್ನುತ್ತಿದ್ದರು. ಕೊನೆಯವರೆಗೂ ನಾವು ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯಲಿಲ್ಲ, ಇಲ್ಲಿಯೂ ನಾನು ಹೆಸರು ಬರೆಯುವುದಿಲ್ಲ. ಅವರು ಇಚಲಕರಂಜಿಯವರು. 1904ರಲ್ಲಿ ಮೊದಲ ವಿದ್ಯುತ್ ಮಗ್ಗ ಬಂದಂದಿನಿಂದ ಮಗ್ಗದ ಸದ್ದಿನಲ್ಲಿಯೇ ಬೆಳೆದ ಊರು ಅದು. ತಂದೆ ಮಗ್ಗದ ಕೆಲಸಗಾರರು. ಆದರೆ ಮಗನಿಗೆ ಪಂಚಗಂಗೆಯ ಹುಚ್ಚು. ಶಿಬಿರದ ಸಂಜೆಗಳಲ್ಲಿ ಕೊಲ್ಲಾಪುರದ ಪಂಚಗಂಗಾ ಘಾಟಿಗೆ ಹೋಗಿ ಅವರು ಈಸುತ್ತಿದ್ದರು, ನಾನು ಕಲ್ಲಿನ ಮೆಟ್ಟಿಲುಗಳ ಮೇಲೆ ಕುಳಿತು ಅವರ ಅಂಗಿ ಕಾಯುತ್ತಿದ್ದೆ. ಕಾಸಾರಿ, ಕುಂಭಿ, ತುಳಸಿ, ಭೋಗಾವತಿ, ಕಣ್ಣಿಗೆ ಕಾಣದ ಸರಸ್ವತಿ ಹೀಗೆ ಐದು ನದಿಗಳು ಪ್ರಯಾಗ ಚಿಖಲಿಯಲ್ಲಿ ಕೂಡುವ ಕಥೆಯನ್ನು ಅವರು ತಮ್ಮ ಮನೆತನದ ಕಥೆಯಂತೆ ಹೇಳುತ್ತಿದ್ದರು. ಕಾಕಾ ಕಾಲೇಲ್ಕರರು ನದಿಗಳನ್ನು ಕುರಿತು ಬರೆದ 'ಲೋಕಮಾತಾ' ಅವರಿಗೆ ಅಚ್ಚುಮೆಚ್ಚಿನ ಗ್ರಂಥ. "ಈಗ ನಿಮ್ಮ ಹೊಳೆಯ ಕಥೆ ಹೇಳಿ" ಎಂದಾಗ ನಾನು ಆ ಬಾಯಿಪಾಠವನ್ನೇ ಒಪ್ಪಿಸಿದೆ. ಅವರು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

1978ರ ಜುಲೈ ತಿಂಗಳಲ್ಲಿ ನಡೆದ ಸಂಗತಿಯೇ ಈ ಬರಹಕ್ಕೆ ಕಾರಣ. ಹೊಳೆಯಾಚೆಯ ತೋಟದ ವಸ್ತಿಯಿಂದ ನಮ್ಮ ಶಾಲೆಗೆ ಆರೇಳು ಮಕ್ಕಳು ಬರುತ್ತಿದ್ದರು. ಅವರಲ್ಲಿ ಹತ್ತು ವರ್ಷದ ಹುಡುಗನೊಬ್ಬ ಹನ್ನೊಂದು ದಿನ ಗೈರುಹಾಜರಾಗಿ ಒಂದು ಬೆಳಿಗ್ಗೆ ಬಂದು ನಿಂತ.

"ಇಷ್ಟ ದಿನಾ ಎಲ್ಲಿ ಹೋಗಿದ್ದಿ?"

"ಹೊಳಿ ಬಂದಿತ್ರಿ, ಸರ್ರ."

"ಹೊಳಿ ದಿನಾಲೂ ಬರತೈತಿ. ನೀ ಯಾಕ ಬರಲಿಲ್ಲ?"

ತರಗತಿ ಗೊಳ್ಳೆಂದು ನಕ್ಕಿತು. ಹುಡುಗ ಏನೋ ಹೇಳಲು ಬಾಯಿ ತೆರೆದು ಸುಮ್ಮನಾದ. ನಾನು ಅವನ ಅಂಗೈಗೆ ಛಡಿಯಿಂದ ಎರಡು ಏಟು ಕೊಟ್ಟೆ. ಹಾಜರಿಪಟದಲ್ಲಿ 'ಕಾರಣವಿಲ್ಲದೆ' ಎಂದು ಬರೆದೆ. ನನ್ನ ಅಕ್ಷರ ಆಗ ದುಂಡಗಿತ್ತು, ಆ ಪುಟ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ.

ಸಂಜೆ ಪಡಸಾಲೆಯಲ್ಲಿ ಕುಳಿತಾಗ ಇದನ್ನು ಒಂದು ವಿನೋದವೆಂಬಂತೆ ಗುರೂಜಿಗೆ ಹೇಳಿದೆ. ಅವರು ತುಸು ಹೊತ್ತು ಸುಮ್ಮನಿದ್ದು, "ಮಾಸ್ತರ, ತುಮ್ಹಿ ಕಧಿ ಪೈಲತೀರಾಲಾ ಗೇಲಾತ್ ಕಾ?" ಎಂದು ಕೇಳಿದರು. ಎಂದಾದರೂ ಆಚೆಯ ದಂಡೆಗೆ ಹೋಗಿದ್ದೀರಾ ಎಂದು. ನಾನು ಹೋಗಿರಲಿಲ್ಲ.

ಹೀಗೆ ನಮ್ಮ ಪ್ರವಾಸ ಗೊತ್ತಾಯಿತು. ದೀಪಾವಳಿಯ ರಜೆಯಲ್ಲಿ ಮೂಲದಿಂದ ನಮ್ಮ ಊರಿನವರೆಗೆ ದಂಡೆಗುಂಟ ನಡೆಯುವುದು, ಅಲ್ಲಿಂದ ಮುಂದೆ ನೀರಿನ ಮೇಲೆ ಸಂಗಮದವರೆಗೆ ಹೋಗುವುದು ಎಂದು ತೀರ್ಮಾನ. ನೀರಿನ ಮೇಲೆ ಯಾವುದರಲ್ಲಿ ಹೋಗುವುದೆಂಬುದನ್ನು ಮಾತ್ರ ತೀರ್ಮಾನಿಸಿರಲಿಲ್ಲ.

ಬಲಿಪಾಡ್ಯಮಿ ಕಳೆದ ಮೂರನೆಯ ದಿನ ಸಾವಂತವಾಡಿಯ ಎಸ್.ಟಿ. ಬಸ್ಸಿನಲ್ಲಿ ಅಂಬೋಲಿಗೆ ಹೋಗಿ ಇಳಿದೆವು. ಎರಡು ಕಂಬಳಿ, ಒಂದು ಬ್ಯಾಟರಿ, ನಮ್ಮ ಮನೆಯ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೂಜಿಯ ಒಂದು ವಹಿ, ಇವಿಷ್ಟು ನಮ್ಮ ಸಾಮಾನು. ಅಂಬೋಲಿ ವರ್ಷಕ್ಕೆ ಸುಮಾರು 7000 ಮಿಲಿಮೀಟರ್ ಮಳೆ ಸುರಿಯುವ ಘಟ್ಟದ ತಲೆ. ಗಡಹಿಂಗ್ಲಜದಲ್ಲಿ ಬೀಳುವ ಮಳೆ ಅದರ ಕಾಲುಭಾಗವೂ ಅಲ್ಲ. ಆ ನೆತ್ತಿಯ ಮೇಲೆ ಪಶ್ಚಿಮಕ್ಕೆ ಉರುಳಿದ ಹನಿ ಕೊಂಕಣವನ್ನು ಹಾಯ್ದು ಅರಬೀ ಸಮುದ್ರಕ್ಕೆ ಬೇಗನೆ ಮುಟ್ಟುತ್ತದೆ. ಪೂರ್ವಕ್ಕೆ ಉರುಳಿದ ಹನಿ ಘಟಪ್ರಭೆಯ, ಕೃಷ್ಣೆಯ ಹಿಂದೆ ಅಲೆದು ಬಂಗಾಳ ಕೊಲ್ಲಿಯವರೆಗೆ ಹೋಗಬೇಕು. ನಮ್ಮದು ಆ ದೂರದ ದಾರಿ ಹಿಡಿದ ನೀರು.

ದೇವಸ್ಥಾನದ ಗವಿಯೊಳಗಿನಿಂದ ನದಿ ಸದ್ದಿಲ್ಲದೆ ಹೊರಬರುತ್ತದೆ. ಬೊಗಸೆಯಲ್ಲಿ ಹಿಡಿದರೆ ಹಲ್ಲು ಜುಮ್ಮೆನ್ನುವ ತಂಪು. ಕುಂಡದಲ್ಲಿ ಬೆರಳಿಗಿಂತ ಚಿಕ್ಕ ಮೀನುಗಳು ಕಲ್ಲಿಗೆ ಅಂಟಿಕೊಂಡಂತೆ ನಿಂತಿದ್ದವು. ನಾವು ನೋಡಿ ಮುಂದೆ ಸಾಗಿದೆವು. ಇದೇ ಕುಂಡದ ಒಂದು ಮೀನನ್ನು ವಿಜ್ಞಾನಿಗಳು 2020ರಲ್ಲಿ ಹೊಸ ಜಾತಿಯೆಂದು ಗುರುತಿಸಿ 'ಶಿಸ್ಟುರಾ ಹಿರಣ್ಯಕೇಶಿ' ಎಂದು ಹೆಸರಿಟ್ಟರು. ಮರುವರ್ಷ ಮಹಾರಾಷ್ಟ್ರ ಸರಕಾರವು ಆ ಸ್ಥಳವನ್ನು ಜೀವವೈವಿಧ್ಯ ಪರಂಪರೆಯ ತಾಣವೆಂದು ಘೋಷಿಸಿತು. ನಾವು ಅಂದು ಕಂಡದ್ದು ಅದೇ ಮೀನೆಂದು ಹೇಳುವ ಧೈರ್ಯ ನನಗಿಲ್ಲ. ಆದರೆ ಪತ್ರಿಕೆಯಲ್ಲಿ ಆ ಸುದ್ದಿಯನ್ನು ಓದಿದ ದಿನ ಗುರೂಜಿ ಇಚಲಕರಂಜಿಯಿಂದ ಫೋನು ಮಾಡಿ ಅರ್ಧ ತಾಸು ಮಾತನಾಡಿದರು.

ಮೊದಲೆರಡು ದಿನ ದಾರಿಯೆಂಬುದೇ ಇರಲಿಲ್ಲ. ಜಂಬಿಟ್ಟಿಗೆ ಕಲ್ಲಿನ ಬಯಲು ಮುಗಿದು ಕಾಡು ಕವಿದುಕೊಂಡಾಗ ಹಳ್ಳದೊಳಗೇ ಇಳಿದು ಮೊಣಕಾಲು ನೀರಿನಲ್ಲಿ ನಡೆದೆವು. ಪಾಚಿಗಟ್ಟಿದ ಬಂಡೆಗಳ ಮೇಲೆ ನಾನು ಬಿದ್ದಷ್ಟು ಸಲ ನಮ್ಮ ಶಾಲೆಯ ಒಂದನೆಯ ಇಯತ್ತೆಯ ಮಕ್ಕಳೂ ಅಂಗಳದಲ್ಲಿ ಬಿದ್ದಿರಲಾರರು. ಒಂದು ಕಡೆ ಕಾಡುಕೋಣದ ಸೆಗಣಿ ಇನ್ನೂ ಬಿಸಿಯಾಗಿತ್ತು. ಗುರೂಜಿ ಅದನ್ನೂ ವಹಿಯಲ್ಲಿ ಬರೆದುಕೊಂಡರು.

ದನ ಕಾಯುವವರು, ಬಟ್ಟೆ ಒಗೆಯುವವರು ಯಾರೇ ಸಿಗಲಿ, ಅವರು ಪ್ರತಿಯೊಂದು ಮಡುವಿನ ಹೆಸರು ಕೇಳುತ್ತಿದ್ದರು. ಹೆಸರಿಲ್ಲದ ಮಡುವೇ ಇರಲಿಲ್ಲ. ಮೇಲಿನ ಊರುಗಳಲ್ಲಿ ಅದನ್ನು 'ಡೋಹ' ಎನ್ನುತ್ತಾರೆ, ನಮ್ಮ ಕಡೆಗೆ 'ಮಡು'. 'ಡೋಹ' ಎಂಬ ಮಾತು ನಿಂತು 'ಮಡು' ಎಂಬ ಮಾತು ಶುರುವಾಗುವ ಜಾಗವನ್ನು ನಕಾಶೆಯಲ್ಲಿ ಗುರುತು ಮಾಡಬೇಕೆಂಬುದು ಅವರ ಹಂಬಲ. ನಾಲ್ಕು ದಿನ ಹುಡುಕಿದೆವು. ಗಡಹಿಂಗ್ಲಜ ಸಮೀಪಿಸಿದಾಗ ಸೊಪ್ಪು ತೊಳೆಯುತ್ತಿದ್ದ ಒಬ್ಬ ಅಜ್ಜಿ, "ಆ ಡೋಹದಾಗ ಇಳೀಬ್ಯಾಡ್ರಿ ತಮ್ಮಾ, ಮಡು ಭಾಳ ಆಳ ಐತಿ" ಎಂದಳು. ಗುರೂಜಿ ವಹಿಯನ್ನು ಮುಚ್ಚಿ ಚೀಲದಲ್ಲಿ ಹಾಕಿದರು. ನಾನು ಹಲಗೆಯ ಮೇಲೆ ಎಳೆಯುತ್ತಿದ್ದ ಕೆಂಪು ಚುಕ್ಕೆಗಳು ನೆನಪಿಗೆ ಬಂದವು.

ಆಜರೆಯ ಹತ್ತಿರ ರಾಮತೀರ್ಥದಲ್ಲಿ ನದಿ ಮೊದಲ ಸಲ ದೊಡ್ಡ ದನಿ ತೆಗೆದು ಬಂಡೆಗಳಿಂದ ಧುಮುಕುತ್ತದೆ. ಆ ರಾತ್ರಿ ಒಬ್ಬ ರೈತರ ಮನೆಯಲ್ಲಿ ಉಳಿದೆವು. ಘನಸಾಳ ಭತ್ತದ ಕೊಯ್ಲು ನಡೆದಿತ್ತು. ಆ ಅಕ್ಕಿಗೆ 2016ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ, ಅಂದು ನಮಗೆ ದೊರೆತದ್ದು ಮಣ್ಣಿನ ಗಡಿಗೆಯಿಂದ ಎದ್ದ ಅದರ ಪರಿಮಳ. ಆಜರಾ ಹಿಂದೆ ಇಚಲಕರಂಜಿ ಜಹಗೀರಿಗೆ ಸೇರಿತ್ತಾದ್ದರಿಂದ, "ಮಾಸ್ತರ, ಇಂದು ನೀವು ನಮ್ಮ ಊರಿನ ಅನ್ನ ಉಂಡಿರಿ" ಎಂದು ಗುರೂಜಿ ಹಾಸ್ಯ ಮಾಡಿದರು.

ಐದನೆಯ ದಿನ ನಮ್ಮ ಊರಿನ ಎದುರಿನ ದಂಡೆಗೆ, ಅಂದರೆ ನಾನು ಎಂದೂ ಕಾಲಿಡದ ಆ ಪೈಲತೀರಕ್ಕೆ ಬಂದು ಮುಟ್ಟಿದೆವು. ಅಲ್ಲಿ ನಮ್ಮನ್ನು ಮೊದಲು ಕಂಡವನು ಆ ಹುಡುಗನೇ. ಓಡಿಹೋಗಿ ತಂದೆಯನ್ನು ಕರೆತಂದ. ಗಾಣದ ಮನೆಯಲ್ಲಿ ಹಂಗಾಮಿನ ಮೊದಲ ಬೆಲ್ಲ ಕುದಿಯುತ್ತಿತ್ತು. ಬಿಸಿ ಬೆಲ್ಲ, ಕಬ್ಬಿನ ಹಾಲು ಕೊಟ್ಟು ಉಪಚರಿಸಿದರು. ಮಗನನ್ನು ನಾನು ಹೊಡೆದ ವಿಷಯ ಆ ಮನೆಯಲ್ಲಿ ಯಾರೂ ಎತ್ತಲಿಲ್ಲ. ಬೆಲ್ಲ ಗಂಟಲಲ್ಲಿ ಇಳಿಯುವುದು ನನಗೆ ಕಷ್ಟವಾಯಿತು.

ಮಳೆಗಾಲದಲ್ಲಿ ಮಕ್ಕಳು ಹೇಗೆ ದಾಟುತ್ತಾರೆಂದು ಗುರೂಜಿ ಕೇಳಿದಾಗ, ಆ ತಂದೆ ಗೋಡೆಗೆ ಒರಗಿಸಿಟ್ಟಿದ್ದ ಹಳೆಯ ಕೊಪ್ಪರಿಗೆಯನ್ನು ತೋರಿಸಿದರು. ಕಬ್ಬಿನ ರಸ ಕುದಿಸುವ, ಎತ್ತಿನ ಗಾಡಿಯಷ್ಟು ಅಗಲದ ತಗಡಿನ ಬಾಣಲೆ ಅದು. ಗಾಣ ನಿಂತ ಮೇಲೆ ಮಳೆಗಾಲದ ನಾಲ್ಕು ತಿಂಗಳು ಅದೇ ನಾವೆ. ಆಚೆ ಮರಾಠಿಯವರು ಅದನ್ನು 'ಕಾಹೀಲ' ಎನ್ನುತ್ತಾರೆ. ಕೃಷ್ಣಾ ಪಂಚಗಂಗಾ ತೀರದಲ್ಲಿಯೂ ಜನ ಹೀಗೆಯೇ ದಾಟುವುದುಂಟು. "ಹೊಳಿ ಸ್ವಲ್ಪ ಇಳದಿರಬೇಕ್ರಿ, ಅಂದ್ರ ಬಿಡ್ತೀವಿ. ತುಂಬಿ ಬಂದಾಗ ಹುಡುಗೂರನ್ನ ಹೆಂಗ ಕೂಡಸೂದ್ರಿ ಇದರಾಗ?" ಎಂದರು. ನನ್ನನ್ನು ಉದ್ದೇಶಿಸಿ ಆಡಿದ ಮಾತಲ್ಲ ಅದು, ಆದರೂ ನಾನು ನೆಲ ನೋಡಿದೆ.

ಹೊಸ ಕೊಪ್ಪರಿಗೆ ಒಲೆಯ ಮೇಲಿತ್ತು. ತೇಪೆ ಹಾಕಿದ ಈ ಹಳೆಯದನ್ನು ನಮಗೆ ಕೊಟ್ಟರು. ಜೊತೆಗೆ ತಾವೂ ಬರುತ್ತೇನೆಂದರು. ಬೇಡವೆಂದವನು ನಾನು. ಒಂದು ಬಾಣಲೆಯನ್ನು ನಡೆಸಲು ಇಬ್ಬರು ಶಿಕ್ಷಕರು ಸಾಲದೆ ಎಂಬ ಬಿಂಕ.

ದೋಣಿಗೆ ಮುಂದುಂಟು, ಹಿಂದುಂಟು. ಕೊಪ್ಪರಿಗೆಗೆ ಯಾವುದೂ ಇಲ್ಲ. ಬದಿಗೆ ಕುಳಿತು ಹುಟ್ಟು ಹಾಕಿದರೆ ಅದು ಬೀಸುವ ಕಲ್ಲಿನಂತೆ ನಿಂತಲ್ಲೇ ತಿರುಗುತ್ತದೆ. ಹೋಗಬೇಕಾದ ದಿಕ್ಕಿಗೆ ಮುಖ ಮಾಡಿ ಕುಳಿತು, ಮುಂದಿನ ನೀರನ್ನು ಹುಟ್ಟಿನಿಂದ ತನ್ನ ಕಡೆಗೆ ಎಳೆದುಕೊಳ್ಳಬೇಕು. ಇದನ್ನು ಅರಿಯುವಷ್ಟರಲ್ಲಿ ಅರ್ಧ ತಾಸು ಕಳೆದಿತ್ತು. ದಂಡೆಯ ಮೇಲೆ ವಸ್ತಿಯ ಮಕ್ಕಳೆಲ್ಲ ಕೂಡಿ ನಗುತ್ತಿದ್ದರು. ಆಮೇಲೆ ಹೊಳೆ ನಮ್ಮನ್ನು ಒಪ್ಪಿಕೊಂಡಂತೆ ಕಂಡಿತು. ಎರಡೂ ಬದಿಗೆ ಕಬ್ಬು, ನಡುವೆ ಹಸಿರು ನೀರು, ಮಿಂಚುಳ್ಳಿಯ ನೀಲಿ ಗೆರೆ. ಹುಟ್ಟು ನೀರಿಗೆ ತಾಗುವ ಸಪ್ಪಳ ಬಿಟ್ಟರೆ ಬೇರೆ ಸದ್ದಿಲ್ಲ. ಗುರೂಜಿ ಒಂದು ಅಭಂಗವನ್ನು ಮೆಲ್ಲಗೆ ಹಾಡಿಕೊಳ್ಳುತ್ತಿದ್ದರು. ನನ್ನ ಭಯ ಹೋಯಿತು. ಅದು ಹೋಗಬಾರದಿತ್ತು.

ಮುಂದೆ ಒಂದು ಬಂಧಾರೆ ಇತ್ತು. ಕೊಲ್ಲಾಪುರ ಮಾದರಿಯ ಬಂಧಾರೆಯೆಂದರೆ ಸಾಲು ಕಂಬಗಳು, ಕಂಬಗಳ ನಡುವೆ ಹಲಗೆ ಇಳಿಸುವ ಖಾಚೆಗಳು. ಮಳೆಗಾಲದಲ್ಲಿ ಹಲಗೆಗಳನ್ನು ತೆಗೆದು ಮಹಾಪೂರಕ್ಕೆ ದಾರಿ ಬಿಡುತ್ತಾರೆ, ಮಳೆ ಮುಗಿದ ಮೇಲೆ ಮತ್ತೆ ಇಳಿಸಿ ನೀರು ನಿಲ್ಲಿಸುತ್ತಾರೆ. ಆ ವಾರ ಹಲಗೆ ಇಳಿಸುವ ಕೆಲಸ ನಡೆದಿತ್ತು. ಎರಡೂ ಬದಿಯ ಕಂಡಿಗಳು ಮುಚ್ಚಿ, ಬಲಕ್ಕೆ ಒಂದೆರಡು ಮಾತ್ರ ತೆರೆದಿದ್ದವು. ಇಡೀ ಹೊಳೆಯ ನೀರು ಆ ಕಂಡಿಗಳಿಗೆ ನುಗ್ಗುತ್ತಿತ್ತು. ದೂರದಿಂದ ನೋಡಿದರೆ ನೀರು ಕನ್ನಡಿಯಂತೆ ಶಾಂತ.

ಆ ಹುಡುಗ ನಮ್ಮ ಸಮಕ್ಕೆ ದಂಡೆಗುಂಟ ಓಡಿ ಬರುತ್ತಿದ್ದುದನ್ನು ನಾನು ಗಮನಿಸಿದ್ದೆ. ಅವನು ಕೈ ಬೀಸಿ, "ಸರ್ರ, ಎಡಕ್ಕ ಬರ್ರಿ! ಎಡಕ್ಕ!" ಎಂದು ಕೂಗತೊಡಗಿದ. ಮಕ್ಕಳ ಆಟವೆಂದು ನಾನು ತಿರುಗಿಯೂ ನೋಡಲಿಲ್ಲ. ಗುರೂಜಿ, "ಅವನೇನೋ ಹೇಳುತ್ತಿದ್ದಾನೆ" ಎಂದರು. "ಹೇಳಲಿ" ಎಂದೆ. ಹುಟ್ಟು ನನ್ನ ಕೈಯಲ್ಲಿತ್ತು.

ಸೆಳವು ಸಿಕ್ಕಿತೆಂದು ತಿಳಿಯುವ ಹೊತ್ತಿಗೆ ತಡವಾಗಿತ್ತು. ಕೊಪ್ಪರಿಗೆ ಎರಡು ಸುತ್ತು ತಿರುಗಿ ಕಂಬಕ್ಕೆ ಬಡಿಯಿತು, ತೇಪೆ ಬಿಚ್ಚಿತು, ಒಂದು ಅಂಚು ನೀರಿನೊಳಗೆ ಹೋಯಿತು. ನಾನು ಮುಳುಗಿದೆ. ನೀರೊಳಗೆ ಕಂಡದ್ದು ಕಂದು ಬೆಳಕು, ಕೇಳಿದ್ದು ಗಿರಣಿಯಂಥ ಗುಡುಗು. ಯಾರೋ ನನ್ನ ಕೂದಲನ್ನು ಹಿಡಿದು ಎಳೆದರು. ಗುರೂಜಿ ಒಂದು ಕೈಯಿಂದ ನನ್ನನ್ನೂ ಇನ್ನೊಂದು ಕೈಯಿಂದ ಕಂಬದ ಖಾಚೆಯನ್ನೂ ಹಿಡಿದು ನಿಂತಿದ್ದರು. ಮೇಲಿನಿಂದ ಹಲಗೆ ಇಳಿಸುವ ಆಳುಗಳು ಹಗ್ಗ ಬಿಟ್ಟರು. ಅವರನ್ನು ಕೂಗಿ ಕರೆದವನು ಆ ಹುಡುಗ. ಹಗ್ಗ ಮೊದಲು ನನಗೆ ಕಟ್ಟಿಸಿದರು ಗುರೂಜಿ. ಕಬ್ಬಿಣದ ಅಂಚಿಗೆ ತರಚಿ ಅವರ ಬಲ ಅಂಗೈ ಸೀಳಿಹೋಗಿತ್ತು. ಆ ಗಾಯದ ಗೆರೆ ಕೊನೆಯವರೆಗೂ ಉಳಿಯಿತು. ಖಡು ಹಿಡಿದು ಬರೆಯುವಾಗ ಅವರ ಬೆರಳು ಸ್ವಲ್ಪ ಸೊಟ್ಟಗಾಗುತ್ತಿತ್ತು.

ಬಂಧಾರೆಯ ಮೇಲೆ ನಾನು ನಡುಗುತ್ತ ಕುಳಿತಿದ್ದಾಗ ಹುಡುಗ ಎದುರಿಗೆ ಬಂದು ನಿಂತ. ಏನಾದರೂ ಹೇಳಬೇಕಲ್ಲ ಎಂದು, "ಹೊಳಿ ಬಂದಾಗ ಹಿಂಗ ಇರತೈತೇನೋ?" ಎಂದು ಕೇಳಿದೆ. ಅವನು ಗಂಭೀರವಾಗಿ ತಲೆಯಾಡಿಸಿ, "ಇದ ಹೊಳಿ ಬಂದದ್ದಲ್ರಿ ಸರ್ರ. ಇದ ಹೋದ ಹೊಳಿ" ಎಂದ.

ಪ್ರವಾಸ ಅಲ್ಲಿಗೇ ನಿಂತಿತು. ಕೊಪ್ಪರಿಗೆ ಮರುದಿನ ಕೆಳಗಿನ ಮಡುವಿನಲ್ಲಿ ಸಿಕ್ಕಿತು. ಅದರ ಬೆಲೆಯನ್ನು ಕೊಡಹೋದರೆ ಆ ತಂದೆ ಕೈ ಮುಗಿದು, "ಮಾಸ್ತರ್ರ, ಹುಡುಗಗ ಅಕ್ಷರ ಕಲಸ್ರಿ ಸಾಕು" ಎಂದರು. ಶಾಲೆ ಪ್ರಾರಂಭವಾದ ದಿನ ನಾನು ಜುಲೈ ತಿಂಗಳ ಹಾಜರಿಪಟ ತೆಗೆದು 'ಕಾರಣವಿಲ್ಲದೆ' ಎಂಬುದನ್ನು ಕೆಂಪು ಶಾಯಿಯಿಂದ ಹೊಡೆದು 'ಹೊಳೆ ಬಂದಿತ್ತು' ಎಂದು ಬರೆದು ಸಹಿ ಮಾಡಿದೆ. ತಪಾಸಣೆಗೆ ಬಂದ ಅಧಿಕಾರಿಯೊಬ್ಬರು ಇದೇನೆಂದು ಕೇಳಿದರು. ಹೇಳಿದೆ. ಅವರಿಗೆ ಒಪ್ಪಿಗೆಯಾಗಲಿಲ್ಲ, ಆದರೆ ಹಾಗೆಯೇ ಬಿಟ್ಟರು.

ಮರುವರ್ಷದ ಮಳೆಗಾಲದಿಂದ, ಹೊಳೆ ಏರುವ ಲಕ್ಷಣ ಕಂಡೊಡನೆ ಆಚೆಯ ಮಕ್ಕಳನ್ನು ಈ ದಂಡೆಯ ಮನೆಗಳಲ್ಲಿ ಉಳಿಸಿಕೊಳ್ಳುವ ಪದ್ಧತಿ ಹಾಕಿದೆವು. ಮನೆ ಸಿಗದವರು ಶಾಲೆಯ ಕೋಣೆಯಲ್ಲಿ ನನ್ನೊಡನೆ ಕಂದೀಲಿನ ಬೆಳಕಿನಲ್ಲಿ ಮಲಗುತ್ತಿದ್ದರು. ಈ ಸಂಚಿಕೆಯನ್ನು ಓದುವ ಕೆಲವರಿಗೆ ಆ ರಾತ್ರಿಗಳ ಅವಲಕ್ಕಿ ನೆನಪಿದ್ದೀತು. ಬೇಸಿಗೆಯಲ್ಲಿ ಗುರೂಜಿ ಎರಡೂ ಶಾಲೆಗಳ ಮಕ್ಕಳಿಗೆ ಬೆಂಡು ಕಟ್ಟಿ ಈಜು ಕಲಿಸಿದರು. ಆ ಮಕ್ಕಳ ಸಾಲಿನಲ್ಲಿ ಬೆಂಡು ಕಟ್ಟಿಕೊಂಡು ನಾನೂ ನಿಂತೆ. ಆಗ ನನಗೆ ವಯಸ್ಸು ಇಪ್ಪತ್ತೊಂಬತ್ತು.

ಹೊಳೆ ಈಗ ಬದಲಾಗಿದೆ. ಚಿತ್ರಿ ಅಣೆಕಟ್ಟೆಯ ನೀರು ಬೇಸಿಗೆಯಲ್ಲಿಯೂ ಹರಿದು ಬರುತ್ತದೆ. ಐನಾಪುರ, ನಿಲಜಿ, ಜರಳಿ, ನಾಂಗನೂರ ಎಂದು ಬಂಧಾರೆಗಳ ಸಾಲೇ ಇದೆ, ಮೇಲೆ ರಸ್ತೆಯೂ ಇದೆ. ಆದರೂ 2019ರ ಆಗಸ್ಟ್ ತಿಂಗಳಲ್ಲಿ, ಮತ್ತೆ 2021ರ ಜುಲೈ ತಿಂಗಳಲ್ಲಿ ಅವೆಲ್ಲ ನೀರಿನಡಿ ಹೋದವು, ಭಡಗಾಂವದ ಸೇತುವೆ ಮುಳುಗಿತು. ಎರಡು ಸಲವೂ ನಮ್ಮ ಶಾಲೆಯ ಮಕ್ಕಳಲ್ಲಿ ಕೆಲವರು ಆಚೆಯ ದಂಡೆಯಲ್ಲಿಯೇ ಉಳಿದರು.

ಗುರೂಜಿ ನಿವೃತ್ತರಾಗಿ ಇಚಲಕರಂಜಿಗೆ ಹೋದರು. ತಾವು ಈಸಿದ ಪಂಚಗಂಗೆಯಲ್ಲಿ ಮೊಮ್ಮಗನನ್ನು ಇಳಿಸುವಂತಿಲ್ಲವಲ್ಲ ಎಂಬ ಕೊರಗು ಅವರಿಗಿತ್ತು. 2012ರಲ್ಲಿ ಆ ಊರಿನಲ್ಲಿ ಕಾಮಾಲೆ ಹಬ್ಬಿ ಜನ ಸತ್ತಾಗ ನಾನು ನೋಡಿಬರಲು ಹೋಗಿದ್ದೆ. ಅವರು ನನ್ನನ್ನು ನದಿಯ ಕಡೆಗೆ ಕರೆದುಕೊಂಡು ಹೋಗಲಿಲ್ಲ. ಭೇಟಿಯಾದಾಗಲೆಲ್ಲ, "ಮಾಸ್ತರ, ಬಂಧಾರೆಯಿಂದ ಸಂಗಮದವರೆಗಿನ ಹೊಳೆ ಇನ್ನೂ ಬಾಕಿ ಇದೆ" ಎನ್ನುತ್ತಿದ್ದರು. ನಾನು "ಮುಂದಿನ ದೀಪಾವಳಿಗೆ" ಎನ್ನುತ್ತಿದ್ದೆ. 2021ರ ಮೇ ತಿಂಗಳಲ್ಲಿ 'ಅವರು ಹೋದರು' ಎಂದು ಮಗಳ ಫೋನು ಬಂತು. ಆಗ ಜಿಲ್ಲೆಯಿಂದ ಜಿಲ್ಲೆಗಿರಲಿ, ಊರಿಂದ ಊರಿಗೂ ಹೋಗುವಂತಿರಲಿಲ್ಲ.

ಮೊನ್ನೆಯ ಚಳಿಗಾಲದಲ್ಲಿ ಆ ಹುಡುಗನೇ ನನ್ನನ್ನು ಮೋಟಾರು ಸೈಕಲ್ಲಿನ ಹಿಂದೆ ಕೂಡಿಸಿಕೊಂಡು ಸಂಗಮಕ್ಕೆ ಕರೆದೊಯ್ದ. ಹುಡುಗನೆಂದರೆ ಈಗ ಮೊಮ್ಮಕ್ಕಳನ್ನು ಕಂಡ ಗೃಹಸ್ಥ, ಮೀಸೆ ಪೂರ್ತಿ ಬಿಳಿ. ರಾಜ್ಯದ ಗಡಿ ಎಲ್ಲಿ ದಾಟಿತೆಂದು ನನಗೆ ತಿಳಿಯಲಿಲ್ಲ, ಅಂಗಡಿಗಳ ಫಲಕ ನೋಡಿ ತಿಳಿದುಕೊಂಡೆ. ಹಿರಣ್ಯಕೇಶಿ ಸದ್ದಿಲ್ಲದೆ ಬಂದು ಘಟಪ್ರಭೆಯೊಳಗೆ ಸೇರುತ್ತಿತ್ತು, ಗವಿಯಿಂದ ಹೊರಬಂದಾಗ ಇದ್ದ ಹಾಗೆಯೇ. ನಾನು ಚಪ್ಪಲಿ ಬಿಟ್ಟು ಧೋತರ ಎತ್ತಿ ಕಟ್ಟಿದೆ.

"ಇಳೀತೀರೇನ್ರಿ, ಸರ್ರ?"

"ಇಳೀತೀನಿ. ಸೆಳವು ಯಾವ ಕಡೆ ಐತಿ, ನೋಡಿ ಹೇಳು."

ಅವನು ಸ್ವಲ್ಪ ಹೊತ್ತು ನೀರನ್ನು ನೋಡಿ, "ಎಡಕ್ಕ ಬರ್ರಿ" ಎಂದ. ನಾನು ಎಡಕ್ಕೆ ಹೋದೆ.